ಲೋಟದಲ್ಲಿದ್ದದ್ದು ನೀರಲ್ಲ

ಅಪೊಲಿನ್ ಬಾಯಿಗೆ ಹೆದರಿಕೆ ಅಂದರೇನೆಂದೇ ಗೊತ್ತಿಲ್ಲ ಎಂದು ಕಡಬದ ಸುತ್ತಿನ ಜನ ಹೇಳುತ್ತಿದ್ದರು. ಜನ ನೋಡುತ್ತಿದ್ದದ್ದು ಅವಳ ಕಾಲುಗಳನ್ನು. ತೋಡಿನಲ್ಲಿ ಸೊಂಟಮಟ್ಟ ನೀರಿದ್ದರೂ ಸೀರೆ ಎತ್ತಿ ಕಟ್ಟಿ ದಾಟುವ ಕಾಲುಗಳು, ನಿನ್ನೆ ಹುಲಿ ಕೂಗಿದ ದಾರಿಯಲ್ಲಿ ಇವತ್ತು ಒಬ್ಬಳೇ ನಡೆಯುವ ಕಾಲುಗಳು. ಎದೆಯೊಳಗೆ ಏನಿತ್ತೆಂದು ಯಾರು ಇಣುಕಿ ನೋಡಿದ್ದಾರೆ? ಈ ಹೆಂಗಸು ಎಂಟು ವರ್ಷ ಕಾಲ ಇರುವೆ ಕಂಡರೆ ಬೆವರುತ್ತಿದ್ದಳು. ಕಚ್ಚಿ ಉರಿಸುವ ಕೆಂಪಿರುವೆಯೂ ಅಲ್ಲ, ಬೆಲ್ಲದ ಭರಣಿ ಹುಡುಕಿಕೊಂಡು ಬರುವ ಬಡಪಾಯಿ ಸಣ್ಣ ಇರುವೆ.

ಅವಳು ವೊಯ್ಜಿಣ್. ಕೊಂಕಣಿಯಲ್ಲಿ ಸೂಲಗಿತ್ತಿಗೆ ಹಾಗನ್ನುತ್ತಾರೆ. ಗಂಡ ತೀರಿಕೊಂಡ ಮೇಲೆ ಕಡಬದಿಂದ ಪಂಜಕ್ಕೆ ಹೋಗುವ ದಾರಿಯ ಮೇಲ್ಗಡೆ ಗುಡ್ಡೆಯಲ್ಲಿ ಒಂದು ಮುಳಿಹುಲ್ಲಿನ ಮನೆಯಲ್ಲಿ ಒಬ್ಬಳೇ ಇದ್ದಳು. ಜಾತಿ ಮತ ಕೇಳದೆ ಕರೆದಲ್ಲಿಗೆ ಹೋಗುತ್ತಿದ್ದಳು. ಬೋಜಪ್ಪ ಗೌಡರ ಹೆಂಡತಿ ತಿಮ್ಮಕ್ಕನ ಐದು ಮಕ್ಕಳೂ, ಪೇಟೆಯ ಹತ್ತಿರದ ಆಯಿಶಾಳ ಅವಳಿಜವಳಿಯೂ ಮೊದಲು ಕಂಡ ಮುಖ ಅಪೊಲಿನ್‌ಳದ್ದೇ. ಅವಳ ಒರಟು ಬಾಯಿಗೆ ಹೆದರಿ ಮಕ್ಕಳು ಬೇಗ ಹೊರಗೆ ಬರುತ್ತವೆ ಎಂದು ತಿಮ್ಮಕ್ಕ ತಮಾಷೆ ಮಾಡುವುದಿತ್ತು.

ಕ್ರಿಸ್ತುವರ ಮನೆಗಳಲ್ಲಿ ಅವಳಿಗೆ ಇನ್ನೊಂದು ಕೆಲಸವೂ ಇತ್ತು. ಇಗರ್ಜಿ ಐದು ಮೈಲು ದೂರ. ಹುಟ್ಟಿದ ಮಗು ಉಸಿರು ಹಿಡಿಯಲಾರದೆ ನೀಲಿಯಾದರೆ ಪಾದ್ರಿಗಳನ್ನು ಕರೆತರುವಷ್ಟು ಹೊತ್ತು ಅದು ಕಾಯುವುದಿಲ್ಲ. ಅಂಥಾ ಕಷ್ಟದಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು ಎಂಬುದು ಧರ್ಮಸಭೆಯ ಕಟ್ಟಳೆ. ಆಗಿನ ಪಾದ್ರಿಗಳು ಫಾದರ್ ಲಿಗೋರ್. ಕಿವಿಯಲ್ಲಿ ಬಿಳಿ ಕೂದಲು, ಕೈಯಲ್ಲಿ ಬೆತ್ತ, ಮಾತು ಬೆತ್ತಕ್ಕಿಂತ ಚುರುಕು. ಅವರು ಅಪೊಲಿನ್‌ಳನ್ನು ಕೂರಿಸಿ ಒಂದು ಮಧ್ಯಾಹ್ನ ಪೂರ್ತಿ ಪಾಠ ಮಾಡಿದ್ದರು. ತಲೆಯ ಮೇಲೆ ನೀರು ಹರಿಯಬೇಕು, ಹರಿಯುವಾಗಲೇ ಪಿತ, ಸುತ, ಪವಿತ್ರಾತ್ಮರ ಹೆಸರು ಹೇಳಬೇಕು. ಒಬ್ಬರಿಗೆ ಒಂದೇ ಸಲ. ಬೇಕೆಂದೇ ಎರಡನೆಯ ಸಲ ಕೊಟ್ಟವರು ಮಹಾಪಾಪಕ್ಕೆ ಗುರಿ.

"ನೀರು ಅಂದ್ರೆ ನೀರು ಬಾಯಿ," ಎಂದು ಕೊನೆಗೆ ಬೆತ್ತ ನೆಲಕ್ಕೆ ಕುಟ್ಟಿದ್ದರು. "ಹಾಲು ಆಗುದಿಲ್ಲ, ಗಂಜಿತಿಳಿ ಆಗುದಿಲ್ಲ, ನಿಮ್ಮ ಬೊಂಡದ ಎಳನೀರೂ ಆಗುದಿಲ್ಲ. ನೆನಪುಂಟಲ್ಲ?"

ಅವಳಿಗೆ ನೆನಪಿಲ್ಲದೆ ಏನು? ಈ ಪಾಠವನ್ನು ತಾನಾಗಿ ಕೇಳಿಕೊಂಡು ಹೋದವಳೇ ಅವಳು. ಅವಳ ಒಂದೇ ಒಂದು ಮಗು ಅರ್ಧ ಗಂಟೆ ಬದುಕಿತ್ತು. ಮನೆಯಲ್ಲಿ ಯಾರಿಗೂ ಏನೂ ತಿಳಿಯದೆ ಗಂಡ ಇಗರ್ಜಿಗೆ ಓಡಿದ, ಪಾದ್ರಿಗಳು ಬರುವಾಗ ಮಗು ತಣ್ಣಗಾಗಿತ್ತು. ಜ್ಞಾನಸ್ನಾನ ಆಗದ ಮಗುವಿಗೆ ಮಂತ್ರಿಸಿದ ನೆಲದಲ್ಲಿ ಜಾಗವಿಲ್ಲ. ಸಿಮಿತ್ರಿಯ, ಅಂದರೆ ಇಗರ್ಜಿಯ ಸ್ಮಶಾನದ, ಗೋಡೆಯ ಹೊರಗೆ, ಒಂದು ಗೇರುಮರದ ಬುಡದಲ್ಲಿ ಹೂಳಿದರು. ಶಿಲುಬೆ ಇಲ್ಲ, ಹೆಸರಿಲ್ಲ. ಪ್ರತಿ ಆದಿತ್ಯವಾರ ಪೂಜೆಗೆ ಹೋಗುವಾಗ ಅವಳು ಆ ಗೇರುಮರದ ಬಳಿ ದಾಟಿಯೇ ಹೋಗಬೇಕು. ಇನ್ನೊಬ್ಬ ತಾಯಿ ಆ ಮರವನ್ನು ಹಾಗೆ ನೋಡುವಂತಾಗಬಾರದು ಎಂಬುದೊಂದೇ ಅವಳ ಹಟ.

ಸಾವಿರದ ಒಂಬೈನೂರ ಐವತ್ತಮೂರು, ಈಸ್ಟರ್ ಕಳೆದು ಎರಡು ವಾರ. ಮರ ಕೊಯ್ಯುವ ಇನಾಸನ ಹೆಂಡತಿ ಕಾರ್ಮಿನ್‌ಗೆ ಚೊಚ್ಚಲ ಹೆರಿಗೆ. ಬೆಳಿಗ್ಗೆ ಶುರುವಾದ ನೋವು ಮಧ್ಯಾಹ್ನ ದಾಟಿದರೂ ಮುಗಿಯಲಿಲ್ಲ. ಬಾವಿ ಬತ್ತಿ ಹೋಗಿತ್ತು. ಹಂಡೆಯ ನೀರು ಖಾಲಿಯಾಗಿ ಇನಾಸನ ತಾಯಿ ಕೊಡ ಹಿಡಿದು ತೋಡಿಗೆ ಹೋಗಿದ್ದರು. ಆಗಲೇ ಮಗು ಬಂತು, ಹೆಣ್ಣು, ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿಕೊಂಡು. ಅಪೊಲಿನ್ ಬಳ್ಳಿ ಬಿಡಿಸಿದಳು, ಬೆನ್ನು ತಿಕ್ಕಿದಳು, ಕಾಲು ಹಿಡಿದು ಎತ್ತಿ ತಟ್ಟಿದಳು. ಮಗು ಅಳಲಿಲ್ಲ. ತುಟಿ ನೀಲಿ, ಕೈಕಾಲು ಒದ್ದೆ ಬಟ್ಟೆಯಂತೆ ಜೋಲು.

ಆ ಕೋಣೆಗೆ ಕಿಟಕಿಯಿಲ್ಲ, ಹಗಲಲ್ಲೂ ಕತ್ತಲೆ. ಕಾರ್ಮಿನ್‌ಳ ತಲೆಯ ಹತ್ತಿರ ಒಂದು ಕಂಚಿನ ಲೋಟ ಇತ್ತು. ಅಪೊಲಿನ್ ಅದನ್ನು ತೆಗೆದು ಮಗುವಿನ ಹಣೆಯ ಮೇಲೆ ಹೊಯ್ದಳು, ಹೊಯ್ಯುತ್ತಾ ಮೂರು ಹೆಸರನ್ನೂ ತಪ್ಪಿಲ್ಲದೆ ಹೇಳಿದಳು. ಇನ್ನೇನು ಶಿಲುಬೆ ಗುರುತು ಮಾಡಬೇಕು, ಅಷ್ಟರಲ್ಲಿ ಮಗು ಒಮ್ಮೆ ಬಿಕ್ಕಿ, ಮನೆಯ ಮಾಡು ಹಾರಿಹೋಗುವ ಹಾಗೆ ಕೂಗಿತು. ಅಪೊಲಿನ್ ನೆಲದ ಮೇಲೆ ಕುಳಿತು ನಗಲೂ ಅಳಲೂ ತೊಡಗಿದಳು. ಇನಾಸ್ ಅದೇ ಸಂಜೆ ಇಗರ್ಜಿಗೆ ಹೋಗಿ, ಮಗು ಉಳಿಯಿತು, ವೊಯ್ಜಿಣ್ ಜ್ಞಾನಸ್ನಾನ ಕೊಟ್ಟಿದ್ದಾಳೆ ಎಂದು ಹೇಳಿಬಂದ.

ಮರುದಿನ ಬೆಳಿಗ್ಗೆ ಮಗುವನ್ನು ಮೀಯಿಸಲೆಂದು ಅವಳು ತಲೆಗೆ ಸುತ್ತಿದ ಬಟ್ಟೆ ಬಿಚ್ಚಿದಳು. ಬಟ್ಟೆಯ ತುಂಬ ಇರುವೆ. ಚಾಪೆಯ ಅಂಚಿನಿಂದ ಹಿಡಿದು ಮಗುವಿನ ಹಣೆಯವರೆಗೆ ಸಾಲು. ಕೂದಲು ಅಂಟಂಟು. ಕಂಚಿನ ಲೋಟ ಅಲ್ಲೇ ಇತ್ತು, ಅದರ ಒಳಗೂ ಇರುವೆ. ಬೆರಳು ಅದ್ದಿ ನಾಲಿಗೆಗೆ ಇಟ್ಟು ನೋಡಿದಳು. ಸಿಹಿ.

ತಿಮ್ಮಕ್ಕ ಬಾಣಂತಿಗೆಂದು ನಾಲ್ಕು ಬೊಂಡ ಕಳಿಸಿದ್ದಳು, ಒಂದನ್ನು ಕೆತ್ತಿ ಎಳನೀರು ಲೋಟಕ್ಕೆ ಹೊಯ್ದಿಟ್ಟೇ ತೋಡಿಗೆ ಹೋಗಿದ್ದೆ ಎಂದು ಇನಾಸನ ತಾಯಿ ಸಹಜವಾಗಿ ಹೇಳಿದರು. ಅಪೊಲಿನ್ ಇರುವೆ ಕೊಡವಿ, ಮಗುವನ್ನು ಮೀಯಿಸಿ, ಲೋಟವನ್ನು ಮೂರು ಸಲ ಬೂದಿ ಹಾಕಿ ತಿಕ್ಕಿ ತೊಳೆದಳು.

ಆಗಲೇ ಇನ್ನೊಮ್ಮೆ ನೀರು ಹೊಯ್ದುಬಿಡಬಹುದಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ಅವಳಿಗೂ ಅನ್ನಿಸಿತು. ಆದರೆ ಲೋಟದಲ್ಲಿ ಮೊದಲೇ ಸ್ವಲ್ಪ ನೀರಿದ್ದು, ಅದರ ಮೇಲೆ ಬೊಂಡ ಬಿದ್ದಿದ್ದರೆ? ಆಗ ಮೊದಲಿನದೇ ಸರಿಯಾಗಿ, ಎರಡನೆಯದು ಮಹಾಪಾಪವಾದರೆ? ಈಗ ಮಗು ನೆಟ್ಟಗೆ ಹಾಲು ಕುಡಿಯುತ್ತಿದೆ, ಪಾದ್ರಿಗಳಿಲ್ಲದ ಹೊತ್ತೆಂದು ನೆವ ಹೇಳುವಂತಿಲ್ಲ. ಹೋಗಿ ಹೇಳಬೇಕು. ಹೇಳಿದರೆ ಬೆತ್ತದ ಪಾದ್ರಿ ಅವಳನ್ನು ಈ ಕೆಲಸದಿಂದಲೇ ಬಿಡಿಸುತ್ತಾರೆ, ಕಾರ್ಮಿನ್ ಅವಳ ಮುಖ ನೋಡುವುದಿಲ್ಲ.

ಎಂಟನೆಯ ದಿನ ಮಗುವನ್ನು ಎತ್ತಿಕೊಂಡು ಇಗರ್ಜಿಗೆ ಹೋಗುವುದು ವೊಯ್ಜಿಣ್‌ಳ ಹಕ್ಕು, ಮರ್ಯಾದೆ. ಉಪ್ಪು, ಎಣ್ಣೆ, ಉಳಿದ ಶಾಸ್ತ್ರವನ್ನೆಲ್ಲ ಪಾದ್ರಿಗಳು ಅಲ್ಲಿ ಪೂರೈಸುತ್ತಾರೆ. ಮನೆಯಲ್ಲೇ ಸ್ನಾನ ಆದ ಮಗುವಾದರೆ ಮೊದಲು ವೊಯ್ಜಿಣ್‌ಳನ್ನು ಬಾಗಿಲಲ್ಲಿ ನಿಲ್ಲಿಸಿ ವಿಚಾರಿಸುತ್ತಾರೆ: ಎಂಥ ನೀರು, ಎಲ್ಲಿ ಹೊಯ್ದೆ, ಏನು ಹೇಳಿದೆ. ಆ ಬಾಗಿಲಲ್ಲಿ ಅಪೊಲಿನ್ ಆರು ಸಲ ನಿಂತು ಎದೆಯುಬ್ಬಿಸಿ ಉತ್ತರ ಕೊಟ್ಟವಳು. ಏಳನೆಯ ಸಲ ಅವಳು ಒಲೆಯ ಮುಂದೆ ಕುಳಿತು ಹಣೆ ಬಿಸಿ ಮಾಡಿಕೊಂಡಳು, ಕಾಳುಮೆಣಸು ಅರೆದು ಹಚ್ಚಿಕೊಂಡಳು, ಕಂಬಳಿ ಹೊದ್ದು ಮಲಗಿದಳು. ಕರೆಯಲು ಬಂದ ಇನಾಸ್ ಹಣೆ ಮುಟ್ಟಿ ನೋಡಿ, ಅಯ್ಯೋ ಪಾಪ ಎಂದು ಮಗುವಿನ ಪದಿನ್ ಮಾದಿನ್‌ರನ್ನು, ಅಂದರೆ ಜ್ಞಾನತಂದೆ ಜ್ಞಾನತಾಯಿಯರನ್ನು, ಕರೆದುಕೊಂಡು ಹೋದ. ಬಾಣಂತಿ ಕಾರ್ಮಿನ್ ಮನೆಯಲ್ಲೇ ಉಳಿದಳು. ಮಗುವಿಗೆ ಸಬೀನಾ ಎಂದು ಹೆಸರಾಯಿತು. ಶಾಸ್ತ್ರ ಹೇಗಾಯಿತು ಎಂದು ಅಪೊಲಿನ್ ಕೇಳಲಿಲ್ಲ. ಕೇಳಿದರೆ ಯಾಕೆ ಕೇಳುತ್ತಿ ಎಂದು ಯಾರಾದರೂ ಕೇಳಿಯಾರು ಎಂಬ ಹೆದರಿಕೆ.

ಅಲ್ಲಿಂದ ಅವಳ ಬಾಳು ಎರಡು ಭಾಗ. ಸಬೀನಾಗೆ ಶೀತವಾದರೆ ಇವಳಿಗೆ ನಿದ್ದೆ ಇಲ್ಲ. ಸಬೀನಾ ಮರ ಹತ್ತಿದರೆ ಇವಳು ಬುಡದಲ್ಲಿ ನಿಂತು ಬೈಯುವವಳು. ಊರವರು ಇದನ್ನೆಲ್ಲ ಪ್ರೀತಿ ಎಂದುಕೊಂಡರು. ಪ್ರೀತಿಯೂ ಇತ್ತು. ಆದರೆ ಮಗು ಕೆಮ್ಮಿದಾಗಲೆಲ್ಲ ಅವಳ ಕಣ್ಣಿಗೆ ಕಾಣುತ್ತಿದ್ದದ್ದು ಗೋಡೆಯ ಹೊರಗಿನ ಗೇರುಮರ.

ಇನ್ನು ಪಾಪನಿವೇದನೆ. ಬಲೆಯಂಥ ಹಲಗೆಯ ಈಚೆ ಮಂಡಿಯೂರಿ ಅವಳು ಹೇಳುತ್ತಿದ್ದಳು: ನೆರೆಯವರ ದನಕ್ಕೆ ಶಾಪ ಹಾಕಿದೆ, ಜಪಸರ ಹೇಳುವಾಗ ತೂಕಡಿಸಿದೆ. ಇನ್ನೇನಾದರೂ ಉಂಟಾ ಎಂದು ಫಾದರ್ ಲಿಗೋರ್ ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದಳು. ಆ ಒಂದು 'ಇಲ್ಲ' ಸಾಕು, ಹೇಳಿದ್ದೆಲ್ಲ ನೀರುಪಾಲು, ಹಾಗೆ ಮುಚ್ಚಿಟ್ಟು ಪೂಜೆಯಲ್ಲಿ ತೆಗೆದುಕೊಂಡ ಪರಮಪ್ರಸಾದದ ರೊಟ್ಟಿ ತನಗೇ ಶಿಕ್ಷೆ ಎಂದು ಚಿಕ್ಕಂದಿನಲ್ಲಿ ಕಲಿತ ಧರ್ಮಪಾಠ ಹೇಳುತ್ತಿತ್ತು. ತೆಗೆದುಕೊಳ್ಳದೆ ಬೆಂಚಿನಲ್ಲೇ ಕುಳಿತರೆ ಇಡೀ ಇಗರ್ಜಿ ತಿರುಗಿ ನೋಡುತ್ತದೆ. ಆದ್ದರಿಂದ ಸಾಲಿನಲ್ಲಿ ಹೋಗುತ್ತಿದ್ದಳು, ನಾಲಿಗೆ ಚಾಚುತ್ತಿದ್ದಳು, ಮರಳಿ ಬಂದು ಮುಖ ಮುಚ್ಚಿಕೊಳ್ಳುತ್ತಿದ್ದಳು. ಭಕ್ತಿ ಎಂದರೆ ಅಪೊಲಿನ್‌ಳದ್ದು ಎಂದು ಹಿಂದಿನ ಬೆಂಚಿನವರು ಹೊಗಳಿದರು.

ಒಮ್ಮೆ ಮಾತ್ರ ತಿಮ್ಮಕ್ಕನ ಹತ್ತಿರ ಬಾಯಿ ಬಿಟ್ಟಳು. ತಿಮ್ಮಕ್ಕ ಬಾಯಾರಿಕೆಗೆ ಬೊಂಡ ಕೆತ್ತಿಕೊಟ್ಟಾಗ ಇವಳು ಮುಟ್ಟದೆ ಕುಳಿತಿದ್ದಳು. ಎಷ್ಟು ವರ್ಷವಾಯಿತು, ಬೊಂಡಕ್ಕೂ ನಿನಗೂ ಎಂತ ಜಗಳ ಎಂದು ತಿಮ್ಮಕ್ಕ ಬಿಡದೆ ಕೇಳಿದಳು. ಅಪೊಲಿನ್ ಎಲ್ಲವನ್ನೂ ಹೇಳಿ ಅತ್ತಳು. ತಿಮ್ಮಕ್ಕನಿಗೆ ಅಳುವಂಥದ್ದು ಏನಿದೆಯೆಂದೇ ತಿಳಿಯಲಿಲ್ಲ.

"ನೀರಿಗಿಂತ ಬೊಂಡ ಮೇಲಲ್ವಾ ಮಾರಾಯ್ತಿ? ನಾವು ದೇವರಿಗೇ ಬೊಂಡದ ಅಭಿಷೇಕ ಮಾಡುದು. ನಿಮ್ಮ ದೇವರಿಗೆ ಬೊಂಡ ಆಗುದಿಲ್ವಾ?"

ಅಪೊಲಿನ್‌ಗೆ ಅಳುವಿನ ನಡುವೆ ನಗು ಬಂತು, ಮತ್ತೆ ಹೆಚ್ಚು ಅಳು ಬಂತು. ತಿಮ್ಮಕ್ಕನ ದೇವರು ಎಷ್ಟು ಸುಲಭ ಎಂದು ಅಸೂಯೆಯೂ ಆಯಿತು. ಅದೂ ಒಂದು ಪಾಪವೆಂದು ಆಮೇಲೆ ಹೆದರಿದಳು.

ಐವತ್ತೆಂಟರಲ್ಲಿ ಫಾದರ್ ಲಿಗೋರ್ ತೀರಿಕೊಂಡರು. ಸೈಕಲಿನಲ್ಲಿ ಊರೂರು ತಿರುಗುವ ಎಳೆಯ ಪಾದ್ರಿಯೊಬ್ಬರು ಬಂದರು. ಅರವತ್ತೊಂದರ ಮೇ ತಿಂಗಳಲ್ಲಿ ಮಕ್ಕಳಿಗೆ ಮೊದಲ ಪರಮಪ್ರಸಾದ ಕೊಡುವುದೆಂದು ಸಾರಿದರು. ಎಂಟು ತುಂಬಿದ ಸಬೀನಾಳೂ ಆ ಸಾಲಿನಲ್ಲಿದ್ದಳು. ಬಿಳಿ ಲಂಗ ಹೊಲಿಯಲು ಕೊಟ್ಟಾಗಿತ್ತು. ಹುಡುಗಿ ದಿನಾ ಸಂಜೆ ಧರ್ಮಪಾಠದ ಪುಸ್ತಕ ಹಿಡಿದು ಅಪೊಲಿನ್‌ಳ ಜಗಲಿಗೆ ಬಂದು ಪ್ರಶ್ನೆಯನ್ನೂ ತಾನೇ ಕೇಳಿ ಉತ್ತರವನ್ನೂ ತಾನೇ ಒಪ್ಪಿಸುತ್ತಿದ್ದಳು. ಜ್ಞಾನಸ್ನಾನ ಆಗದವರಿಗೆ ಉಳಿದ ಸಂಸ್ಕಾರಗಳು ಸಲ್ಲುತ್ತವೆಯೇ? ಸಲ್ಲುವುದಿಲ್ಲ, ಜ್ಞಾನಸ್ನಾನವೇ ಬಾಗಿಲು.

"ಸರಿ ಉಂಟಾ ಮಾಂಯ್?" ಎಂದು ಕೇಳಿದಳು. ಅಪೊಲಿನ್‌ಳನ್ನು ಅವಳು ಮಾಂಯ್ ಎಂದೇ ಕರೆಯುವುದು, ಅಮ್ಮ ಎಂದ ಹಾಗೆ.

ಸರಿ ಉಂಟು ಎಂದು ಅಪೊಲಿನ್ ಹೇಳಿದಳು. ಹೇಳಿ ಒಳಗೆ ಹೋಗಿ ಬಾಗಿಲ ಹಿಂದೆ ನಿಂತುಕೊಂಡಳು. ಈ ಮಗು ಬಾಗಿಲನ್ನೇ ದಾಟದೆ ಒಳಗಿನ ಊಟಕ್ಕೆ ಕೂರುತ್ತಿದೆ, ಕೂರಿಸಿದವಳು ತಾನು.

ಆ ದಿನಕ್ಕೆ ಇನ್ನು ಮೂರು ವಾರ ಇರುವಾಗ ಸಬೀನಾ ಜ್ವರ ಬಂದು ಮಲಗಿದಳು. ಐದನೆಯ ದಿನಕ್ಕೂ ಇಳಿಯಲಿಲ್ಲ. ಟೈಫಾಯಿಡ್ ಇರಬಹುದು, ನಾಳೆಗೂ ಹೀಗೇ ಇದ್ದರೆ ಪುತ್ತೂರಿನ ಆಸ್ಪತ್ರೆಗೆ ಕೊಂಡುಹೋಗಿ ಎಂದು ಕಂಪೌಂಡರ್ ಹೇಳಿದ. ಇನಾಸ್ ಲಾರಿ ವಿಚಾರಿಸಲು ಪೇಟೆಗೆ ಹೋದ. ಬೆಳಿಗ್ಗೆ ಹತ್ತು ಗಂಟೆಯ ಹೊತ್ತು, ಕಾರ್ಮಿನ್ ಬಟ್ಟೆ ಒಗೆಯಲು ತೋಡಿಗೆ ಇಳಿದಳು, ಅಪೊಲಿನ್ ಒಬ್ಬಳೇ ಮಗುವಿನ ಹತ್ತಿರ ಉಳಿದಳು. ಅದೇ ಕೋಣೆ, ಅದೇ ಕಂಚಿನ ಲೋಟ.

ಅವಳು ಎದ್ದು ಹಂಡೆಯಿಂದ ಲೋಟಕ್ಕೆ ನೀರು ತುಂಬಿಸಿದಳು. ಕುಡಿದು ನೋಡಿದಳು. ನೀರೇ. ಇನ್ನೊಂದು ಗುಟುಕು ಕುಡಿದಳು, ಬಾಗಿಲ ಬೆಳಕಿಗೆ ಹಿಡಿದಳು, ಮತ್ತೂ ಒಂದು ಗುಟುಕು. ನೀರೇ. ಮಗುವಿನ ಸುಡುವ ಹಣೆಯ ಮೇಲೆ ಲೋಟ ಎತ್ತಿ ಹಿಡಿದಳು. ಪಿತನ ಹೆಸರು ನಾಲಿಗೆಯ ತುದಿಗೆ ಬಂತು. ಮೊದಲಿನದು ಸರಿಯಾಗಿದ್ದರೆ ಈಗ ತಾನು ಮಾಡುವುದು ಮಹಾಪಾಪ, ಸರಿಯಾಗಿರದೆ ಈಗ ಸುಮ್ಮನಿದ್ದರೆ ಮಗು ಗೋಡೆಯ ಹೊರಗೆ. ಹೊಯ್ದರೂ ಹೆದರಿಕೆ, ಬಿಟ್ಟರೂ ಹೆದರಿಕೆ. ಕೈ ಗಾಳಿಯಲ್ಲೇ ನಿಂತಿತು.

ಸಬೀನಾ ಕಣ್ಣು ತೆರೆದಳು. "ಮಾಂಯ್, ಆ ನೀರು ನಂಗಾ?"

ಅಪೊಲಿನ್ ಅವಳ ತಲೆ ಎತ್ತಿ ನೀರು ಕುಡಿಸಿದಳು. ಕಾರ್ಮಿನ್ ಮರಳಿದ ಕೂಡಲೇ, ಈಗ ಬಂದೆ ಎಂದಷ್ಟೇ ಹೇಳಿ ಹೊರಟಳು. ಐದು ಮೈಲು. ತಲೆಯ ಮೇಲೆ ಸೆರಗು ಹಾಕಿಕೊಳ್ಳುವುದೂ ಮರೆತುಹೋಗಿತ್ತು. ಗೇರುಮರದ ಹತ್ತಿರ ಬಂದಾಗ ಕಾಲು ಹಿಂದೆ ಎಳೆಯಿತು. ಹುಲಿಗೆ ಹೆದರದ ಕಾಲುಗಳು ಅವು. ನಿಂತರೆ ತಿರುಗಿ ಹೋಗುತ್ತೇನೆಂದು ಗೊತ್ತಾಗಿ ಓಡಿದಳು.

ಎಳೆಯ ಪಾದ್ರಿ ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ಪಾಪನಿವೇದನೆ ಮಾಡಬೇಕು, ಈಗಲೇ ಮಾಡಬೇಕು ಎಂದಳು. ಅವರು ಅವಳ ಮುಖ ನೋಡಿ ಏನೂ ಕೇಳದೆ ಕೊರಳಿಗೆ ನೇರಳೆ ಪಟ್ಟಿ ಹಾಕಿಕೊಂಡು ಬಂದು ಕುಳಿತರು. ಬಲೆಯ ಈಚೆ ಅಪೊಲಿನ್ ಎಲ್ಲವನ್ನೂ ಹೇಳಿದಳು: ಲೋಟ, ಇರುವೆ, ಸುಳ್ಳು ಜ್ವರ, ಎಂಟು ವರ್ಷದ 'ಇಲ್ಲ'ಗಳು, ಇವತ್ತು ಬೆಳಿಗ್ಗೆ ಎತ್ತಿದ ಕೈ. ಮುಗಿಸಿ, ಬೈಗುಳ ಬರಬಹುದೆಂದು ಅವಳು ತಲೆ ತಗ್ಗಿಸಿ ಕಾದಳು.

ಯಾವ ವರ್ಷ, ಯಾವ ತಿಂಗಳು ಎಂದು ಅವರು ಕೇಳಿದರು. ಹೇಳಿದಳು. ಅಲ್ಲೇ ಇರಿ ಎಂದು ಅವರು ಎದ್ದು ಹೋದರು. ಜನರ ಮುಂದೆ ನಿಲ್ಲಿಸಲು ಯಾರನ್ನೋ ಕರೆಯಲು ಹೋದರು ಎಂದೇ ಅವಳಿಗೆ ಅನ್ನಿಸಿತು. ಬಾಗಿಲು ಎಷ್ಟು ದೂರ ಉಂಟೆಂದು ಒಮ್ಮೆ ತಿರುಗಿಯೂ ನೋಡಿದಳು. ಅವರು ಮರಳಿ ಬಂದದ್ದು ಒಬ್ಬರೇ, ಕೈಯಲ್ಲಿ ರಟ್ಟು ಕಿತ್ತುಹೋದ ದೊಡ್ಡ ಪುಸ್ತಕ. ಹಾಳೆ ತಿರುಗಿಸುವ ಸದ್ದು ಕೇಳಿಸಿತು.

"ಬಾಯಿ, ಫಾದರ್ ಲಿಗೋರ್ ಲ್ಯಾಟಿನ್‌ನಲ್ಲಿ ಬರೆದಿಟ್ಟಿದ್ದಾರೆ. ನಾನು ಅರ್ಥ ಹೇಳ್ತೇನೆ. 'ಮಗುವಿಗೆ ಮನೆಯಲ್ಲಿ ಸೂಲಗಿತ್ತಿ ಸ್ನಾನ ಕೊಟ್ಟಳೆಂದು ತಂದೆ ಹೇಳಿದ. ಸೂಲಗಿತ್ತಿ ಜ್ವರವೆಂದು ಬರಲಿಲ್ಲ. ಅವಳನ್ನು ವಿಚಾರಿಸಲು ಆಗಲಿಲ್ಲ. ಆದ್ದರಿಂದ ಷರತ್ತಿನ ಮೇಲೆ ನಾನೇ ಸ್ನಾನ ಕೊಟ್ಟೆ.'"

ಷರತ್ತು ಅಂದರೆ ಏನು ಎಂದು ಅವಳು ಕೇಳಿದಳು.

"ಮೊದಲಿಗೆ ಒಂದು ಸಣ್ಣ ಶಬ್ದ ಸೇರಿಸುದು. 'ಸಿ' ಅಂತ. ಸಿ ಅಂದ್ರೆ, ಒಂದು ವೇಳೆ. ಒಂದು ವೇಳೆ ನಿನಗೆ ಸ್ನಾನ ಆಗಿರದಿದ್ರೆ, ನಾನೀಗ ಕೊಡ್ತೇನೆ. ಆಗಿದ್ರೆ ಇದು ಬರೀ ನೀರು. ಗಾಬರಿಯಲ್ಲಿ ಯಾರ ಕೈಯೂ ತಪ್ಪಬಹುದು ಅಂತ ಇಗರ್ಜಿಗೆ ಗೊತ್ತುಂಟು ಬಾಯಿ. ಅದಕ್ಕೇ ಆ ಶಬ್ದ ಇಟ್ಟದ್ದು."

ಅಪೊಲಿನ್‌ಗೆ ಮೊದಲು ಬಂದದ್ದು ಸಂತೋಷವಲ್ಲ, ಸಿಟ್ಟು. ಇನಾಸ್ ನೋಡಿದ್ದ, ಪದಿನ್ ಮಾದಿನ್ ನೋಡಿದ್ದರು, ಪಾದ್ರಿಗಳು ಕೈಯಾರೆ ನೀರು ಹೊಯ್ದದ್ದನ್ನು. ಅವರ ಪಾಲಿಗೆ ಅದರಲ್ಲಿ ಬಂದು ಹೇಳುವಂಥದ್ದೇನೂ ಇರಲಿಲ್ಲ. ತಾನು ಒಂದೇ ಒಂದು ಮಾತು ಕೇಳಿದ್ದರೆ ಎಂಟು ವರ್ಷ ಉಳಿಯುತ್ತಿತ್ತು. ಆಮೇಲೆ ಇನ್ನೊಂದು ವಿಚಾರ ಹೊಳೆಯಿತು. ಆ ದಿನ ತಾನು ಇಗರ್ಜಿಯ ಬಾಗಿಲಲ್ಲಿ ನಿಂತಿದ್ದರೆ, ಎಂಥ ನೀರು ಎಂದು ಬೆತ್ತದ ಪಾದ್ರಿ ಕೇಳಿದ್ದರೆ, ಹೆದರಿ ತೋಡಿನ ನೀರು ಎಂದೇ ಹೇಳಿಬಿಡುತ್ತಿದ್ದಳು. ಅವರು ನಂಬುತ್ತಿದ್ದರು. ಉಪ್ಪು ಎಣ್ಣೆ ಮುಗಿಸಿ ಮನೆಗೆ ಕಳಿಸುತ್ತಿದ್ದರು. ತನ್ನ ಹೇಡಿತನ ಮಗುವನ್ನು ಕಾಪಾಡಿತೇ ಎಂದು ಅವಳು ತೊದಲುತ್ತಾ ಕೇಳಿದಳು. ಸುಳ್ಳು ಸುಳ್ಳೇ, ಅದಕ್ಕೆ ನಾನು ಹಾರ ಹಾಕುವುದಿಲ್ಲ ಎಂದು ಪಾದ್ರಿಗಳು ನಕ್ಕರು. ದೇವರು ಇದ್ದ ಸಾಮಾನಿನಲ್ಲೇ ಕೆಲಸ ಮಾಡುತ್ತಾನೆ ಎಂದೂ ಹೇಳಿದರು.

ಸಬೀನಾಳ ಜ್ವರ ಪುತ್ತೂರಿನ ಆಸ್ಪತ್ರೆಯಲ್ಲಿ ಹನ್ನೆರಡು ದಿನಕ್ಕೆ ಇಳಿಯಿತು. ತೆಳ್ಳಗಾದ ಮೈಗೆ ಬಿಳಿ ಲಂಗ ದೊಡ್ಡದಾಗಿ, ಕಾರ್ಮಿನ್ ಪಿನ್ನು ಚುಚ್ಚಿ ಕಟ್ಟಿ, ಮಳೆ ಹಿಡಿಯುವ ಮೊದಲು ಒಂದು ಆದಿತ್ಯವಾರ ಅವಳೊಬ್ಬಳಿಗೇ ಮೊದಲ ಪ್ರಸಾದ ಆಯಿತು. ಅದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ಬಲೆಯ ಈಚೆ ಮಂಡಿಯೂರಿದ್ದ ಅಪೊಲಿನ್‌ಗೆ ಅದು ಯಾವುದೂ ಗೊತ್ತಿರಲಿಲ್ಲ. ಮಗುವಿನ ಬಾಗಿಲು ತೆರೆದಿತ್ತೆಂದು ಮಾತ್ರ ಗೊತ್ತಾಗಿತ್ತು. ಈಗ ಅವಳಿಗೆ ತನ್ನ ಬಗ್ಗೆಯೇ ಹೆದರಿಕೆ ಹಿಡಿಯಿತು. ಎಂಟು ವರ್ಷದ ಕಳ್ಳ ಪ್ರಸಾದ. ಎಲ್ಲವನ್ನೂ ಹೇಳಿದೆನೇ? ಎಷ್ಟು ಸಲ ಎಂದು ಲೆಕ್ಕ ತಪ್ಪಿರಬಹುದೇ? ಪಶ್ಚಾತ್ತಾಪ ನಿಜವೋ, ಬರೀ ಅಂಜಿಕೆಯೋ?

"ಪಾದ್ರ್ಯಾಬಾ," ಎಂದಳು, "ನಂಗೂ ಆ ಶಬ್ದ ಸೇರಿಸಿ ಹೇಳ್ತೀರಾ? ಒಂದು ವೇಳೆ ನಾನು ಸರಿ ಹೇಳಿದ್ರೆ ಕ್ಷಮೆ ಸಿಗ್ಲಿ. ಅಷ್ಟು ಸಾಕು ನಂಗೆ."

"ಹೆದರಿಕೊಂಡೇ ಬಂದ್ರೂ ಬಂದಿದ್ದೀರಲ್ಲ," ಎಂದರು ಪಾದ್ರಿಗಳು. "ನಿಮಗೆ ಆ ಶಬ್ದ ಬೇಡ ಬಾಯಿ."

ಅವರು ಕೈ ಎತ್ತಿ ಲ್ಯಾಟಿನ್‌ನಲ್ಲಿ ಕ್ಷಮೆಯ ಪ್ರಾರ್ಥನೆ ಶುರುಮಾಡಿದರು. ಅಪೊಲಿನ್‌ಗೆ ಲ್ಯಾಟಿನ್ ಬಾರದು, ಆದರೆ ಈಗ ಒಂದು ಶಬ್ದ ಗೊತ್ತಿತ್ತು. ತನಗೆ ಸಮಾಧಾನವಾಗಲೆಂದು ಅವರು ಹಾಗೆ ಹೇಳಿ, ಒಳಗೊಳಗೇ ಅದನ್ನು ಸೇರಿಸಿಬಿಟ್ಟಾರು ಎಂದು ಅವಳು ಉಸಿರು ಹಿಡಿದು, ಬಲೆಗೆ ಕಿವಿ ಒತ್ತಿ, ಪ್ರತಿ ಮಾತಿನ ಮೊದಲಲ್ಲೂ ಆ 'ಸಿ'ಗಾಗಿ ಕಾದಳು. ಆಮೆನ್ ಎನ್ನುವವರೆಗೂ ಕಾದಳು. ಅದು ಬರಲೇ ಇಲ್ಲ.